ಅಯಸ್ಕಾಂತ ಅಂಟದ ಕಾರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ಎಲ್ಲಿ ಹಳೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರೂ ನನ್ನ ಬಿಳಿ ಡಾಲ್ಫಿನ್ ಅಲ್ಲಿರುತ್ತದೆ. ಹಿರಿಯರಿಗೆ ನೆನಪಿರಬಹುದು: ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಯಾರಿಸಿದ ಎರಡು ಬಾಗಿಲಿನ ಪುಟ್ಟ ಕಾರು. ಮೂಲ ವಿನ್ಯಾಸ ಇಂಗ್ಲೆಂಡಿನ ರಿಲಯಂಟ್ ಕಿಟನ್‌ನದು. ಎಂಜಿನ್ 848 ಸಿಸಿ ಅಷ್ಟೇ; ಆದರೆ ಮೈ ಹಗುರ, ಆಗಿನ ರ‍್ಯಾಲಿಗಳಲ್ಲಿ ಗೆದ್ದದ್ದುಂಟು.

ನೋಡಲು ಬಂದ ಮಕ್ಕಳ ಕೈಗೆ ಒಂದು ಅಯಸ್ಕಾಂತ ಕೊಡುತ್ತೇನೆ. ಬಾನೆಟ್‌ಗೆ ಹಚ್ಚುತ್ತಾರೆ, ಜಾರುತ್ತದೆ. ಬಾಗಿಲಿಗೆ ಹಚ್ಚುತ್ತಾರೆ, ಅಲ್ಲೂ ಜಾರುತ್ತದೆ! ಮೈಯೆಲ್ಲ ಫೈಬರ್‌ಗ್ಲಾಸ್, ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಅಚ್ಚು ಹಾಕಿದ್ದು. ತುಕ್ಕು ಹಿಡಿಯದು, ಆದರೆ ಗುದ್ದಿದರೆ ತಗ್ಗು ಬೀಳುವ ಬದಲು ಬಿರುಕು ಬಿಡುತ್ತದೆ. “ಅಜ್ಜಾ, ಇದು ನಮ್ಮ ಮಾಳಗಿ ಮ್ಯಾಲಿನ ನೀರಿನ ಟಾಕಿ ಇದ್ದಂಗ ಐತಿ” ಎಂದಳು ಅಥಣಿಯ ಹುಡುಗಿ. ನನ್ನ ಭಾಷಣಕ್ಕಿಂತ ಅದೇ ಚೆನ್ನಾಗಿತ್ತು.

ಬಿಡಿಭಾಗ ಸಿಗುವುದು ಕಷ್ಟ. ನನ್ನ ಕಣ್ಣೂ ಮಂದವಾಗಿದೆ. ಕೊಲ್ಲಾಪುರದ ಒಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಮೊಮ್ಮಗಳಿಗೆ ಹದಿನೆಂಟು ತುಂಬಲು ಇನ್ನೂ ಎರಡು ವರ್ಷ. “ಮಾರಬ್ಯಾಡ, ಅಲ್ಲೀತನಕ ನಾ ತೊಳೀತೀನಿ” ಅನ್ನುತ್ತಾಳೆ. ರೇಡಿಯೇಟರ್ ನೀರು ನೋಡುವುದನ್ನು, ಬ್ಯಾಟರಿ ಚಾರ್ಜ್ ಮಾಡುವುದನ್ನು ಕಲಿಸಿದ್ದೇನೆ.

ಕೊಲ್ಲಾಪುರದವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ.