ಎರಡಂಗುಲದ ಠೀವಿ

ರಾಜಾಜಿನಗರದ ಗೃಹಸ್ಥರೊಬ್ಬರ ಮನೆಯ ಮುಂದೆ, 1995ರಲ್ಲಿ ಪುಣೆಯಲ್ಲಿ ಜೋಡಣೆಯಾದ ಮರ್ಸಿಡಿಸ್ ಬೆಂಜ್ ಕಾರೊಂದು ನಿಂತಿದೆ. ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿ ಅದನ್ನು ಎರಡಂಗುಲ ತಗ್ಗಿಸಬೇಕೆಂಬುದು ಮಗನ ಹಂಬಲ. ನೆಲಕ್ಕಂಟಿ ಸಾಗಿದರಲ್ಲವೆ ಠೀವಿ!

ಕಾರಿನಡಿ ತೂರಿ ನೋಡಿದ ಮೆಕ್ಯಾನಿಕ್ ತಲೆಯಾಡಿಸಿದ. "ಸ್ಪ್ರಿಂಗು ಗಿಡ್ಡವಾದರೆ ಕುಗ್ಗಲು ಎಡೆ ಕಡಿಮೆ, ಸ್ವಾಮಿ, ಆದ್ದರಿಂದ ಅದು ಬಿರುಸಾಗಿಯೂ ಇರಬೇಕು. ಬಿರುಸು ಸ್ಪ್ರಿಂಗಿನ ಕುಣಿತವನ್ನು ಈ ಹಳೆಯ ಶಾಕ್ ಅಬ್ಸಾರ್ಬರುಗಳು ತಡೆಯಲಾರವು. ಅಲ್ಲದೆ ಕಾರು ಆಗಲೇ ತಗ್ಗಿದೆ. ಸ್ಪ್ರಿಂಗುಗಳು ಸೋತಿವೆ, ಅವುಗಳ ಮೇಲಿನ ರಬ್ಬರ್ ಮೆತ್ತೆಗಳು ನಲುಗಿವೆ."

ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ನಿಯಮದಲ್ಲಿ ರಸ್ತೆಯುಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು ಎಂದಿತ್ತು. ಅಡ್ಡರಸ್ತೆಗಳ ಉಬ್ಬುಗಳೆಲ್ಲ ಆ ನಿಯಮವನ್ನು ಓದಿಕೊಂಡಿರುವುದಿಲ್ಲ. ಆದರೂ ಮಗನ ಮನಸ್ಸು ಕರಗಲಿಲ್ಲ.

ಆ ಸಂಜೆ ದೇವಸ್ಥಾನದಿಂದ ಮರಳಿದಾಗ, ಮಂಡಿನೋವಿನ ತಾಯಿ ಕಾರಿನಿಂದೇಳಲು ಅವನ ಕೈ ಹಿಡಿದುಕೊಂಡರು. "ಮೊದಲು ಹೀಗಿರಲಿಲ್ಲಪ್ಪ, ಸೀಟು ತಗ್ಗಾದಂತಿದೆ," ಎಂದರು. ವಯಸ್ಸಾಯಿತೆಂದು ಅವರು ತಮ್ಮನ್ನೇ ದೂರಿಕೊಂಡಿದ್ದರು.

ಮಗ ಕೊಂಡು ತಂದದ್ದು ಮೂಲ ಎತ್ತರದ ಸ್ಪ್ರಿಂಗುಗಳನ್ನು, ಹೊಸ ಮೆತ್ತೆಗಳನ್ನು. ಮರುವಾರ ತಾಯಿ ಯಾರ ಕೈಯನ್ನೂ ಹಿಡಿಯದೆ ಇಳಿದು, ಸೆರಗು ಸರಿಪಡಿಸಿಕೊಂಡು ಒಳಗೆ ನಡೆದರು. ಮಗ ಬಾಗಿಲು ಹಿಡಿದು ನೋಡುತ್ತ ನಿಂತಿದ್ದ.