ಒಂದು ಲೋಟ ನೀರು, ಒಂಬತ್ತು ವರ್ಷ ಸೆರೆ

ಜಗಳ ಹುಟ್ಟಿದ್ದು ಒಂದು ಲೋಟ ನೀರಿಗೆ. ಪಾಕಿಸ್ತಾನದ ಪಂಜಾಬಿನಲ್ಲಿ ಶೇಖೂಪುರ ಅಂತ ಜಿಲ್ಲೆ. ಅಲ್ಲಿ ಇಟ್ಟನ್‌ವಾಲಿ ಅನ್ನುವ ಹಳ್ಳಿ. 2009ರ ಜೂನ್ ತಿಂಗಳು, ನೆತ್ತಿ ಸುಡುವ ಬಿಸಿಲು. ಹೆಂಗಸರು ಹೊಲದಲ್ಲಿ ಫಾಲ್ಸಾ ಹಣ್ಣು ಬಿಡಿಸುತ್ತಿದ್ದರು. ನೇರಳೆಗಿಂತ ಚಿಕ್ಕ ಹಣ್ಣು ಅದು, ಹುಳಿಸಿಹಿ, ಬೇಸಿಗೆಯಲ್ಲಿ ಅದರ ಶರಬತ್ತು ಮಾಡುತ್ತಾರೆ. ಕೂಲಿಗೆ ಬಂದವರಲ್ಲಿ ಆಸಿಯಾ ನೊರೀನ್ ಎಂಬ ಕ್ರೈಸ್ತ ಹೆಂಗಸೂ ಇದ್ದಳು, ಐದು ಮಕ್ಕಳ ತಾಯಿ. ಆಮೇಲೆ ಜಗತ್ತು ಆಕೆಯನ್ನು ಆಸಿಯಾ ಬೀಬಿ ಎಂದು ಕರೆಯಿತು. ಆ ದಿನ ಅವಳು ಜೊತೆಯವರಿಗೆ ನೀರು ತಂದುಕೊಟ್ಟಳು. ಅವಳು ಮುಟ್ಟಿದ ನೀರನ್ನು ನಾವು ಕುಡಿಯುವುದಿಲ್ಲ ಎಂದರು ಜೊತೆಗಿದ್ದ ಹೆಂಗಸರು. ಮಾತಿಗೆ ಮಾತು ಬೆಳೆಯಿತು. ಐದು ದಿನ ಕಳೆದ ಮೇಲೆ ಊರಿನ ಜನ ಗುಂಪು ಕಟ್ಟಿಕೊಂಡು ಬಂದು ಅವಳನ್ನು ಎಳೆದೊಯ್ದರು. ಪ್ರವಾದಿಯನ್ನು ನಿಂದಿಸಿದಳು ಎಂದು ದೂರು ದಾಖಲಾಯಿತು.

ಮುಟ್ಟಿದ ನೀರು ಎಂದಾಗ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಸ್ಲಾಮಿನಲ್ಲಿ ಮಡಿ ಮೈಲಿಗೆಯ ಈ ಲೆಕ್ಕಾಚಾರಕ್ಕೆ ಜಾಗವಿಲ್ಲ. ಆದರೆ ಪಂಜಾಬಿನ ಕ್ರೈಸ್ತರಲ್ಲಿ ಬಹುಪಾಲು ಜನ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮತಾಂತರವಾದ ದಲಿತರ ಮಕ್ಕಳು, ಮೊಮ್ಮಕ್ಕಳು. ದೇವರು ಬದಲಾದರು, ಕಸ ಗುಡಿಸುವ ಕೆಲಸ ಬದಲಾಗಲಿಲ್ಲ, ಬೇರೆ ಲೋಟ ಬದಲಾಗಲಿಲ್ಲ. ದೇಶ ವಿಭಜನೆಯಾಗಿ ಗಡಿ ಎಳೆದರೂ ಲೋಟದ ಗಡಿ ಎರಡೂ ಕಡೆ ಉಳಿದುಕೊಂಡಿತು. ನಮ್ಮ ಹಳ್ಳಿ ಹೋಟೆಲುಗಳ ಸೂರಿನಡಿ ಸಿಕ್ಕಿಸಿಟ್ಟಿರುತ್ತಿದ್ದ ಬೇರೆ ಲೋಟಗಳನ್ನು ಕಂಡವರಿಗೆ ಇಟ್ಟನ್‌ವಾಲಿಯ ಹೊಲ ಅಪರಿಚಿತವಲ್ಲ.

ನಮ್ಮಲ್ಲಿ ಆ ಜಗಳ ಬೈಗುಳಕ್ಕೋ ಹೊಡೆದಾಟಕ್ಕೋ ತಿರುಗುತ್ತಿತ್ತು. ಅಲ್ಲಿ ಅದು ನೇಣಿಗೆ ತಿರುಗಿತು. ಯಾಕೆಂದರೆ ಅಲ್ಲಿ 295-ಸಿ ಇತ್ತು.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1860ರಲ್ಲಿ ಬ್ರಿಟಿಷರು ಮಾಡಿದ ದಂಡಸಂಹಿತೆಯಲ್ಲಿ ಪೂಜಾಸ್ಥಳ ಹಾಳುಗೆಡವುವುದಕ್ಕೆ ಶಿಕ್ಷೆಯಿತ್ತು. 1920ರ ದಶಕದಲ್ಲಿ ಲಾಹೋರಿನಲ್ಲಿ ಪ್ರವಾದಿಯ ಬಗ್ಗೆ ಒಂದು ಪುಸ್ತಿಕೆ ಬಂತು, ಗಲಾಟೆಯಾಯಿತು, 1927ರಲ್ಲಿ 295-ಎ ಸೇರಿಸಿದರು. ಅದು ಎಲ್ಲ ಧರ್ಮಗಳಿಗೂ ಒಂದೇ. ನಿಂದನೆ ಬೇಕೆಂದೇ, ದುರುದ್ದೇಶದಿಂದ ಮಾಡಿದ್ದು ಎಂದು ಸಾಬೀತಾಗಬೇಕಿತ್ತು. ಆಮೇಲೆ ಪಾಕಿಸ್ತಾನದಲ್ಲಿ ಸೇನಾಡಳಿತಗಾರ ಜನರಲ್ ಜಿಯಾ ಉಲ್ ಹಕ್ ಬಂದರು. 1982ರಲ್ಲಿ ಕುರಾನಿಗೆ ಅಪಚಾರ ಮಾಡಿದರೆ ಜೀವಾವಧಿ ಸೆರೆ. 1984ರಲ್ಲಿ ಅಹ್ಮದೀಯ ಪಂಗಡದವರು ತಮ್ಮನ್ನು ತಾವು ಮುಸಲ್ಮಾನರೆಂದು ಹೇಳಿಕೊಂಡರೂ, ಪ್ರಾರ್ಥನಾಸ್ಥಳವನ್ನು ಮಸೀದಿ ಎಂದು ಕರೆದರೂ ಅಪರಾಧ. 1986ರಲ್ಲಿ 295-ಸಿ: ಪ್ರವಾದಿಯ ನಿಂದನೆಗೆ ಮರಣದಂಡನೆ. ನೇರವಾಗಿ ಆಡಿದರೂ ಸರಿ, ಸೂಚ್ಯವಾಗಿ ಆಡಿದರೂ ಸರಿ. ಆಡಿದವರ ಉದ್ದೇಶವೇನಿತ್ತು ಎಂಬ ಪ್ರಶ್ನೆಯನ್ನೇ ಆ ಕಲಮು ಕೇಳುವುದಿಲ್ಲ. ಜಿಯಾಗೆ ಮುಂಚೆ ಬೆರಳೆಣಿಕೆಯಷ್ಟಿದ್ದ ದೂರುಗಳು ಆಮೇಲೆ ಸಾವಿರ ದಾಟಿದವು. ಆರೋಪ ಹೊತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮುಸಲ್ಮಾನರೇ. ಜಮೀನಿನ ತಕರಾರು, ವ್ಯಾಪಾರದ ಹೊಟ್ಟೆಕಿಚ್ಚು, ಬೀದಿಜಗಳ ಎಲ್ಲಕ್ಕೂ ಆ ಕಲಮು ಒದಗಿತು. ಇನ್ನೊಂದು ಕಷ್ಟ ಕೇಳಿ: ಆರೋಪಿ ಆಡಿದಳೆಂಬ ಮಾತನ್ನು ಯಾರೂ ಮತ್ತೆ ಆಡುವಂತಿಲ್ಲ, ಪತ್ರಿಕೆಗಳು ಅಚ್ಚು ಹಾಕುವಂತಿಲ್ಲ. ಹಾಗೆ ಮಾಡಿದರೆ ಅವರೂ ನಿಂದಕರೇ. ಹೀಗಾಗಿ ಆಸಿಯಾ ಏನು ಅಂದಳೆಂದು ತಿಳಿಯದೆಯೇ ಲಕ್ಷಾಂತರ ಜನ ಅವಳ ಸಾವು ಬೇಡಿದರು.

2010ರ ನವೆಂಬರಿನಲ್ಲಿ ನನ್‌ಕಾನಾ ಸಾಹಿಬ್‌ನ ನ್ಯಾಯಾಲಯ ಆಕೆಗೆ ನೇಣು ವಿಧಿಸಿತು. ಹೌದು, ಗುರು ನಾನಕರು ಹುಟ್ಟಿದ ಊರೇ. ಈ ಕಾನೂನಿನಡಿ ಮರಣದಂಡನೆಗೆ ಗುರಿಯಾದ ಮೊದಲ ಹೆಣ್ಣು ಆಕೆ.

ನಾನು ಆಗ ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ ವಿದೇಶ ಪುಟ ನೋಡಿಕೊಳ್ಳುತ್ತಿದ್ದೆ. ಆ ಸುದ್ದಿಗೆ ಪುಟದ ಕೆಳಗೆ ಸಿಂಗಲ್ ಕಾಲಂ ಸಿಕ್ಕಿತು, ಅಷ್ಟೇ. ಕೆಲವು ದಿನಕ್ಕೆ ಒಂದು ಫೋಟೋ ಬಂತು: ಜೈಲಿನಲ್ಲಿ ಮುಸುಕು ಹೊದ್ದ ಆಸಿಯಾ, ಪಕ್ಕದಲ್ಲಿ ಕಪ್ಪು ಕನ್ನಡಕದ ಗಂಡಸು. ಪಂಜಾಬ್ ಪ್ರಾಂತ್ಯದ ರಾಜ್ಯಪಾಲ ಸಲ್ಮಾನ್ ತಾಸೀರ್. ತಂದೆ ಎಂ. ಡಿ. ತಾಸೀರ್ ಉರ್ದು ಕವಿ, ಪ್ರಾಧ್ಯಾಪಕ; ಚಿಕ್ಕಮ್ಮನನ್ನು ಮದುವೆಯಾದವರು ಕವಿ ಫೈಜ್ ಅಹ್ಮದ್ ಫೈಜ್. ಸ್ವತಃ ದೊಡ್ಡ ಉದ್ಯಮಿ. ಅಂಥವರು ಜೈಲಿಗೆ ಹೋಗಿ ಕೂಲಿ ಹೆಂಗಸಿನ ಕ್ಷಮಾದಾನದ ಅರ್ಜಿ ಇಸಿದುಕೊಂಡರು, ಇದು ಕರಾಳ ಕಾನೂನು ಎಂದು ಎಲ್ಲರೆದುರು ಹೇಳಿದರು. ಪೇಶಾವರದ ಒಬ್ಬ ಮೌಲ್ವಿ ಆಸಿಯಾಳನ್ನು ಕೊಂದವರಿಗೆ ಐದು ಲಕ್ಷ ರೂಪಾಯಿ ಎಂದು ಸಾರಿದ. ತಾಸೀರ್ ವಿರುದ್ಧವೂ ಫತ್ವಾಗಳು ಬಂದವು. ಡಿಸೆಂಬರ್ ಕೊನೆಯ ದಿನ ಅವರು ಟ್ವಿಟರಿನಲ್ಲಿ, ನಾನೊಬ್ಬನೇ ಉಳಿದರೂ ಬಗ್ಗುವುದಿಲ್ಲ ಎಂಬರ್ಥದ ಮಾತು ಬರೆದರು.

2011ರ ಜನವರಿ 4, ಮಂಗಳವಾರ. ಸಂಜೆ ಪುಟ ಕಟ್ಟುವ ಹೊತ್ತು. ಏಜೆನ್ಸಿಯಿಂದ ಒಂದೊಂದೇ ಸಾಲು ಬರತೊಡಗಿತು. ಇಸ್ಲಾಮಾಬಾದಿನ ಕೊಹ್ಸಾರ್ ಮಾರ್ಕೆಟ್. ಸ್ನೇಹಿತರ ಜೊತೆ ಊಟ ಮುಗಿಸಿ ತಾಸೀರ್ ಕಾರಿನ ಕಡೆ ನಡೆದಿದ್ದರು. ಗುಂಡಿನ ದಾಳಿ. ಮುಂದಿನ ಸಾಲು ಬಂದಾಗ ಇಡೀ ಡೆಸ್ಕ್ ಎದ್ದು ನಿಂತಿತು: ಹೊಡೆದವನು ಅವರದೇ ಅಂಗರಕ್ಷಕ, ಮುಮ್ತಾಜ್ ಕಾದ್ರಿ. ಇಪ್ಪತ್ತಕ್ಕೂ ಹೆಚ್ಚು ಗುಂಡು ಹಾರಿಸಿ, ಬಂದೂಕು ಕೆಳಗಿಟ್ಟು ಶರಣಾದ. ಜೊತೆಗಿದ್ದ ಉಳಿದ ಕಾವಲಿನವರು ಅವನ ಮೇಲೆ ಒಂದು ಗುಂಡೂ ಹಾರಿಸಲಿಲ್ಲ.

ನಮ್ಮಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು, ಕೋಲಾರದ ಕಡೆಯವರು. ಎಲ್ಲರಿಗೂ ಅವರು ಸಾಹೇಬರು. ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ನಾನು ಬರೆದ ವರದಿಯನ್ನು ಅವರ ಮೇಜಿಗೆ ಕೊಟ್ಟೆ. ಕಾಗುಣಿತ ತಿದ್ದಿದರು, ಒಂದು ಒತ್ತಕ್ಷರ ಸರಿ ಮಾಡಿದರು. ಹಾಳೆ ವಾಪಸು ಕೊಡದೆ ಹಾಗೇ ಹಿಡಿದುಕೊಂಡರು. "ಸ್ವಾಮೀ, ಕೊಂದವನು ಯಾಕೆ ಕೊಂದ ಅಂತ ನಾಲ್ಕು ಸಲ ಬರೆದಿದ್ದೀರಿ. ಸತ್ತವರು ಯಾಕೆ ಸತ್ತರು ಅಂತ ಒಂದು ಸಲವಾದರೂ ಬರೀರಿ. ಅವರೂ ಮುಸಲ್ಮಾನರೇ ಅಲ್ವಾ?" ಅಂದರು. ದನಿ ಏರಿಸಲಿಲ್ಲ. ನಾನು ಎರಡನೇ ಪ್ಯಾರಾ ಪೂರ್ತಿ ಹೊಸದಾಗಿ ಬರೆದೆ. ಆ ರಾತ್ರಿ ಅದು ಮೊದಲ ಪುಟಕ್ಕೆ ಹೋಯಿತು.

ಮಾರನೇ ದಿನದ ಚಿತ್ರಗಳನ್ನು ಮರೆಯುವುದಕ್ಕಾಗುವುದಿಲ್ಲ. ಕಾದ್ರಿಯನ್ನು ನ್ಯಾಯಾಲಯಕ್ಕೆ ಕರೆತಂದಾಗ ವಕೀಲರು ಗುಲಾಬಿ ಪಕಳೆ ಎರಚಿದರು. ವಕೀಲರು! ಕಾನೂನು ಓದಿದವರು. ಅತ್ತ ಲಾಹೋರಿನಲ್ಲಿ ತಾಸೀರ್ ಅವರ ಅಂತ್ಯಸಂಸ್ಕಾರದ ಜನಾಜಾ ನಮಾಜ್ ಮಾಡಿಸಲು ದೊಡ್ಡ ಮಸೀದಿಗಳ ಇಮಾಮರು ಹಿಂದೆ ಸರಿದರು. ಅವರಿಗಾಗಿ ಯಾರೂ ದುಃಖಿಸಬಾರದು ಎಂದು ಐನೂರು ಉಲೇಮಾಗಳು ಹೇಳಿಕೆ ಕೊಟ್ಟಿದ್ದರು. ಕೊನೆಗೆ ತಾಸೀರ್ ಅವರ ಪಕ್ಷದವರೇ ಆದ ಒಬ್ಬ ಮೌಲ್ವಿ ಆ ಕೆಲಸ ಮಾಡಿದರು.

ಎರಡು ತಿಂಗಳಾಗಿರಲಿಲ್ಲ. ಮಾರ್ಚ್ 2ರಂದು ಶಹಬಾಜ್ ಭಟ್ಟಿಯವರನ್ನು ಕೊಂದರು. ಅಲ್ಪಸಂಖ್ಯಾತ ವ್ಯವಹಾರಗಳ ಸಚಿವ, ಸಂಪುಟದಲ್ಲಿದ್ದ ಏಕೈಕ ಕ್ರೈಸ್ತ. ತಾಯಿಯ ಮನೆಯಿಂದ ಕಾರಿನಲ್ಲಿ ಹೊರಟಿದ್ದರು. ತನಗೆ ಸಾವು ಬರಬಹುದೆಂದು ಅವರಿಗೆ ಗೊತ್ತಿತ್ತು; ಗೊತ್ತಿದ್ದೂ ಈ ಕಾನೂನಿನ ವಿರುದ್ಧ ಮಾತಾಡುವುದನ್ನು ಬಿಟ್ಟಿರಲಿಲ್ಲ. ಕಾನೂನಿಗೆ ತಿದ್ದುಪಡಿ ತರಲು ಸಂಸತ್ತಿನಲ್ಲಿ ಮಸೂದೆ ಮಂಡಿಸಿದ್ದ ಶೆರ್ರಿ ರೆಹಮಾನ್ ಮನೆಯಿಂದ ಹೊರಬರಲಾಗದಂತಾಯಿತು, ಮಸೂದೆ ಅಲ್ಲಿಗೇ ಬಿತ್ತು. ಕಾದ್ರಿಗೆ ಮರಣದಂಡನೆ ಬರೆದ ನ್ಯಾಯಾಧೀಶರು ದೇಶ ಬಿಟ್ಟರು. 2014ರಲ್ಲಿ ಮುಲ್ತಾನಿನಲ್ಲಿ ವಕೀಲ ರಶೀದ್ ರೆಹಮಾನ್ ಅವರನ್ನು ಅವರ ಕಚೇರಿಯಲ್ಲೇ ಗುಂಡಿಟ್ಟು ಕೊಂದರು. ಧರ್ಮನಿಂದನೆಯ ಆರೋಪ ಹೊತ್ತ ಒಬ್ಬ ಅಧ್ಯಾಪಕನ ಪರ ವಾದಿಸಿದ್ದು ಅವರ ತಪ್ಪು. 2017ರಲ್ಲಿ ಮರ್ದಾನಿನ ವಿಶ್ವವಿದ್ಯಾಲಯದಲ್ಲಿ ಮಶಾಲ್ ಖಾನ್ ಎಂಬ ವಿದ್ಯಾರ್ಥಿಯನ್ನು ಸಹಪಾಠಿಗಳೇ ಬಡಿದು ಸಾಯಿಸಿದರು. ಅವನು ನಿಂದನೆ ಮಾಡಿದ್ದಕ್ಕೆ ಪುರಾವೆಯೇ ಇಲ್ಲವೆಂದು ಆಮೇಲೆ ತನಿಖೆಯಲ್ಲಿ ಗೊತ್ತಾಯಿತು.

ಈ ಕಾನೂನಿನ ನಿಜವಾದ ಕ್ರೌರ್ಯ ನನಗೆ ಅರ್ಥವಾದದ್ದು ಈ ಸಾವುಗಳನ್ನು ಒಂದರ ಹಿಂದೊಂದು ಬರೆಯುತ್ತಾ ಹೋದಾಗ. 295-ಸಿ ಅಡಿಯಲ್ಲಿ ಪಾಕಿಸ್ತಾನ ಸರ್ಕಾರ ಇದುವರೆಗೆ ಯಾರನ್ನೂ ನೇಣಿಗೇರಿಸಿಲ್ಲ. ಸರ್ಕಾರ ಏರಿಸಬೇಕಾಗಿಯೂ ಇಲ್ಲ. ಇದು ಸಾವಿಗೆ ತಕ್ಕ ಅಪರಾಧ ಎಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು, ಉಳಿದದ್ದನ್ನು ಅಂಗರಕ್ಷಕನೋ ಸಹಪಾಠಿಯೋ ಬೀದಿಯ ಗುಂಪೋ ಮಾಡಿ ಮುಗಿಸುತ್ತದೆ, ಪುಣ್ಯ ಕಟ್ಟಿಕೊಂಡೆನೆಂದು ಮನೆಗೆ ಹೋಗುತ್ತದೆ.

ಆಸಿಯಾ ಒಳಗೇ ಇದ್ದಳು. 2014ರಲ್ಲಿ ಲಾಹೋರ್ ಹೈಕೋರ್ಟು ನೇಣನ್ನು ಎತ್ತಿಹಿಡಿಯಿತು. 2016ರ ಫೆಬ್ರವರಿ 29ರಂದು ಕಾದ್ರಿಗೆ ಗಲ್ಲಾಯಿತು. ರಾವಲ್ಪಿಂಡಿಯ ಶವಯಾತ್ರೆಗೆ ಜನಸಾಗರ ಸೇರಿತು, ಇಸ್ಲಾಮಾಬಾದಿನ ಹೊರವಲಯದಲ್ಲಿ ಗೋರಿ ಎದ್ದು ದರ್ಗಾ ಆಯಿತು. ಆ ಸಿಟ್ಟಿನಲ್ಲೇ ತೆಹ್ರೀಕೆ ಲಬ್ಬೈಕ್ ಎಂಬ ಪಕ್ಷ ಬೆಳೆಯಿತು.

2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಆಸಿಯಾಳನ್ನು ಖುಲಾಸೆ ಮಾಡಿದರು. ತೀರ್ಪು ಶುರುವಾಗುವುದೇ ಇಸ್ಲಾಮಿನ ನಂಬಿಕೆಯ ಘೋಷಣೆಯಾದ ಕಲಿಮಾದಿಂದ. ಇಸ್ಲಾಮಿನೊಳಗೇ ನಿಂತು, ಸುಳ್ಳು ಸಾಕ್ಷಿಯಿಂದ ಒಂದು ಜೀವ ತೆಗೆಯುವುದು ಧರ್ಮವಲ್ಲ ಎಂದು ಅದು ವಾದಿಸುತ್ತದೆ. ಊರ ಮುಂದೆ ಆಕೆ ತಪ್ಪೊಪ್ಪಿಕೊಂಡಳೆಂಬ ಸಭೆಯಲ್ಲಿ ಎಷ್ಟು ಜನ ಇದ್ದರು? ಒಬ್ಬ ಸಾಕ್ಷಿ ನೂರು ಅಂದ, ಇನ್ನೊಬ್ಬ ಸಾವಿರ, ಮತ್ತೊಬ್ಬ ಎರಡು ಸಾವಿರಕ್ಕೂ ಮೇಲೆ. ಇಷ್ಟನ್ನು ಲೆಕ್ಕ ಹಾಕಿ ನೋಡಲು ಆ ದೇಶದ ನ್ಯಾಯಾಂಗಕ್ಕೆ ಒಂಬತ್ತು ವರ್ಷ ಹಿಡಿಯಿತು. ಆಕೆಯ ಪರ ವಾದಿಸಿದ ಸೈಫುಲ್ ಮಲೂಕ್ ಹಿಂದೆ ಕಾದ್ರಿ ವಿರುದ್ಧ ಸರ್ಕಾರಿ ವಕೀಲರಾಗಿದ್ದವರೇ. ತೀರ್ಪಿನ ಬೆನ್ನಲ್ಲೇ ಅವರೂ ಜೀವಭಯದಿಂದ ಕೆಲಕಾಲ ದೇಶ ಬಿಡಬೇಕಾಯಿತು. ತೀರ್ಪನ್ನು ವಿರೋಧಿಸಿ ಮೂರು ದಿನ ಪಾಕಿಸ್ತಾನದ ರಸ್ತೆಗಳು ಬಂದ್. 2019ರ ಮೇ ತಿಂಗಳಲ್ಲಿ ಆಸಿಯಾ ಕೆನಡಾ ಸೇರಿದಳು.

 ಮುಗಿಸುವ ಮುಂಚೆ ಇನ್ನೊಂದು ಮಾತು. 1927ರ ಆ 295-ಎ ಲಾಹೋರಿನಲ್ಲಷ್ಟೇ ಉಳಿಯಲಿಲ್ಲ. ನಮ್ಮ ಸಂಹಿತೆಯಲ್ಲೂ ಉಳಿಯಿತು, ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಆಗಿದೆ. ದೇವರಿಗೆ ಅವಮಾನವಾಯಿತು ಎಂದು ಯಾರಾದರೂ ಕೂಗಿದಾಗ, ಇದಕ್ಕೆ ಇನ್ನೂ ಕಠಿಣ ಕಾನೂನು ಬೇಕು ಎಂದು ನಮ್ಮಲ್ಲೂ ಕೇಳುವವರಿದ್ದಾರೆ. ದಯವಿಟ್ಟು ಆ ಕೂಗಿಗೆ ದನಿಗೂಡಿಸಬೇಡಿ. ಇನ್ನು, ಆ ಧರ್ಮದವರೇ ಹಾಗೆ ಎಂದು ಯಾರಾದರೂ ನಿಮ್ಮ ಮುಂದೆ ಅಂದರೆ, ಸಲ್ಮಾನ್ ತಾಸೀರ್, ರಶೀದ್ ರೆಹಮಾನ್, ಮಶಾಲ್ ಖಾನ್ ಎಂಬ ಮೂರು ಹೆಸರು ಹೇಳಿ. ಮೂವರೂ ಮುಸಲ್ಮಾನರು.