ಮಂದ್ರದ ಲವರ್ನ್ ಅಕ್ಕನಿಗೆ

ಲವರ್ನ್ ಅಕ್ಕ,

ಅಮೆರಿಕದ ಗಾಯಕಿ ಸೋದರಿಯರಾದ ಆಂಡ್ರ್ಯೂಸ್ ಸಿಸ್ಟರ್ಸ್ ಎಂದೊಡನೆ ಜನಕ್ಕೆ ನೆನಪಾಗುವುದು ನಿಮ್ಮ ಕಿರಿಯ ತಂಗಿ ಪ್ಯಾಟಿ. ಪಲ್ಲವಿ ಎತ್ತಿಕೊಳ್ಳುತ್ತಿದ್ದವರು ಅವರು, ಹಾಡಿನ ನಡುವೆ ಕುಣಿದು ನಗಿಸುತ್ತಿದ್ದವರೂ ಅವರೇ. ಮೇಲಿನ ಸ್ವರ ಹಿಡಿಯುತ್ತಿದ್ದ ಮ್ಯಾಕ್ಸಿನ್ ಮುಂದೆ ಆ ದಿನಗಳ ಬಗ್ಗೆ ಪುಸ್ತಕವನ್ನೇ ಬರೆದರು. ನೀವು ಮೂವರಲ್ಲಿ ಹಿರಿಯರು, ಕೆಳಗಿನ ದನಿ. ನಿಮ್ಮ ಹಾಡುಗಳನ್ನು ಗುನುಗುವವರು ಬೇಕಾದಷ್ಟಿದ್ದಾರೆ. ನಿಮ್ಮ ಪಾಲಿನ ಸ್ವರಗಳನ್ನು ಗುನುಗುವವರನ್ನು ನಾನು ಕಂಡಿಲ್ಲ. ಅದಕ್ಕೇ ಈ ಕಾಗದ ನಿಮ್ಮ ಹೆಸರಿಗೆ.

ನಮ್ಮಲ್ಲಿ ಮೂವರು ಕೂಡಿ ಹಾಡಲು ಕುಳಿತರೆ ಮೂವರದೂ ಸಾಮಾನ್ಯವಾಗಿ ಒಂದೇ ಸ್ವರ. ನೀವಾದರೋ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ, ಒತ್ತಾಗಿ ನಿಂತ ಮೂರು ಸ್ವರಗಳಲ್ಲಿ ಹಾಡಿದಿರಿ. ನಿಮ್ಮದು ತಂಬೂರಿಯಂತೆ ನಿಂತಲ್ಲೇ ನಿಲ್ಲುವ ಶ್ರುತಿಯಲ್ಲ. ಪ್ಯಾಟಿ ಒಂದು ಸ್ವರ ಸರಿದರೆ ನೀವೂ ಸರಿಯಬೇಕು. ಸರಿದದ್ದು ಕೇಳುವವರ ಗಮನಕ್ಕೆ ಬರಬಾರದು. ಗ್ರೀಸಿನ ಅಪ್ಪ, ನಾರ್ವೆ ಮೂಲದ ಅಮ್ಮ, ಮಿನಿಯಾಪೊಲಿಸ್‌ನ ಮನೆ. ಅಲ್ಲಿ ನ್ಯೂ ಆರ್ಲಿಯನ್ಸಿನ ಬಾಸ್ವೆಲ್ ಸೋದರಿಯರನ್ನು ಕೇಳಿ ಕೇಳಿ, ಅವರ ಹಾಗೇ ಹಾಡಲು ಹೋಗಿ ನೀವು ಕಲಿತ ವಿದ್ಯೆ ಇದು.

ನಿಮ್ಮ ದನಿಗೂ ಕೆಳಗೆ, ಯಾರೂ ಗಮನಿಸದ ಇನ್ನೂ ಕೆಲವರಿದ್ದರು ಅಕ್ಕ.

1937ರಲ್ಲಿ ನಿಮ್ಮನ್ನು ಮನೆಮಾತಾಗಿಸಿದ ‘ಬೈ ಮಿರ್ ಬಿಸ್ಟ್ ದು ಶೇನ್’ ಯಿಡ್ಡಿಷ್ ರಂಗಭೂಮಿಯ ಹಾಡು. 1932ರ ಸಂಗೀತ ನಾಟಕಕ್ಕೆ ಶೋಲಂ ಸೆಕುಂಡಾ ರಾಗ ಕೂಡಿಸಿದ್ದರು, ಜೇಕಬ್ ಜೇಕಬ್ಸ್ ಪದ ಬರೆದಿದ್ದರು. ಇಬ್ಬರೂ ಸೇರಿ ಅದರ ಹಕ್ಕನ್ನು 30 ಡಾಲರಿಗೆ ಮಾರಿಬಿಟ್ಟಿದ್ದರು. ನಿಮ್ಮ ಗ್ರಾಮಫೋನ್ ತಟ್ಟೆ ಲಕ್ಷಗಟ್ಟಲೆ ಖರ್ಚಾಯಿತು. ಹಿಟ್ಲರನ ಜರ್ಮನಿಯಲ್ಲೂ ಜನ ಅದನ್ನು ಮೆಚ್ಚಿ ಹಾಡಿಕೊಂಡರು, ಹಾಡು ಯಹೂದಿಯದೆಂದು ಗೊತ್ತಾಗುವವರೆಗೆ. ಹಕ್ಕು ಮರಳಿ ಸೆಕುಂಡಾ ಕೈಸೇರಿದ್ದು 1961ರಲ್ಲಿ.

ಇನ್ನು ಆ ತಟ್ಟೆ. ಅದಕ್ಕೆ ಬೇಕಾದ ಅರಗು ಮುಖ್ಯವಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಎಲಚಿ, ಕುಸುಮದ ಕೊಂಬೆಗಳಿಗೆ ಪುಟ್ಟ ಹುಳು ಕಟ್ಟುವ ಅಂಟು ಅದು; ಕೊಂಬೆ ಕಡಿದು, ಕೆರೆದು ತೆಗೆಯುತ್ತಿದ್ದವರು ಕಾಡಿನ ಜನ. ಎರಡನೆಯ ಮಹಾಯುದ್ಧದಲ್ಲಿ ಹಡಗುದಾರಿ ಅಪಾಯಕ್ಕೆ ಸಿಕ್ಕಿತು, ಅರಗು ಸೇನೆಗೂ ಬೇಕಾಯಿತು. 1942ರಲ್ಲಿ ಅಮೆರಿಕ ಸರ್ಕಾರ ತಟ್ಟೆ ಕಂಪನಿಗಳಿಗೆ ಕೊಡುವ ಅರಗನ್ನು ಕಡಿತ ಮಾಡಿತು. ಹಳೆಯ ತಟ್ಟೆಗಳನ್ನು ಜನರಿಂದ ಕೇಳಿ ಪಡೆದು, ಕರಗಿಸಿ, ಹೊಸದು ಒತ್ತಿದರು. ಸೈನಿಕರಿಗೆಂದೇ ಹೊರಟ ವಿ-ಡಿಸ್ಕುಗಳಿಗೆ ಮುರಿಯದ ವಿನೈಲ್ ಬಂತು.

ನನ್ನನ್ನು ಹೆಚ್ಚು ಕಾಡುವುದು 1945ರಲ್ಲಿ ಹತ್ತು ವಾರ ಮೊದಲ ಸ್ಥಾನದಲ್ಲಿದ್ದ ‘ರಮ್ ಅಂಡ್ ಕೋಕಾ-ಕೋಲಾ’. ಟ್ರಿನಿಡಾಡಿನಲ್ಲಿ ಅಮೆರಿಕದ ಸೇನಾನೆಲೆ ಎದ್ದ ಮೇಲೆ, ಡಾಲರಿನ ಹಿಂದೆ ಊರ ತಾಯಿ ಮಗಳಿಬ್ಬರೂ ಸಿಪಾಯಿಗಳ ಪಾಲಾದರೆಂದು ಲಾರ್ಡ್ ಇನ್ವೇಡರ್ ಎಂಬ ಕ್ಯಾಲಿಪ್ಸೊ ಹಾಡುಗಾರ ಕುಟುಕಿದ ಪದ ಅದು. ಧಾಟಿ ಲಯೊನೆಲ್ ಬೆಲಾಸ್ಕೊ ಅವರದು, 1906ರಷ್ಟು ಹಳೆಯದು. ನಿಮ್ಮ ತಟ್ಟೆಯ ಮೇಲೆ ಇವರಿಬ್ಬರ ಹೆಸರೂ ಇರಲಿಲ್ಲ. ದಾವೆ ಹೂಡಿ, ಪದವೂ ಧಾಟಿಯೂ ಟ್ರಿನಿಡಾಡಿನದೆಂದು ಅಮೆರಿಕದ ನ್ಯಾಯಾಲಯದಲ್ಲೇ ಸಾಬೀತು ಮಾಡಬೇಕಾಯಿತು. ತಾಳಕ್ಕೆ ಮನಸೋತೆವು, ಪದದ ಕಡೆ ಗಮನ ಹೋಗಲಿಲ್ಲ ಎಂದು ನಿಮ್ಮ ತಂಗಿಯೇ ಮುಂದೆ ಹೇಳಿದರು. ನಂಬುತ್ತೇನೆ. ಆದರೆ ಅಷ್ಟು ಅಚ್ಚುಕಟ್ಟಾಗಿ, ಅಕ್ಷರ ಅಕ್ಷರವನ್ನೂ ಕೂಡಿಸಿ ಹಾಡುವವರಿಗೆ ತಾಯಿ ಮಗಳ ಮಾತು ಎಲ್ಲೂ ಚುಚ್ಚಲಿಲ್ಲವೇ?

ಇಷ್ಟು ಹೇಳಿದ್ದಕ್ಕೆ ನಿಮ್ಮ ಹಾಡು ಬರೀ ಕದ್ದ ಖುಷಿ ಎಂದುಕೊಳ್ಳಬೇಡಿ. 1945ರ ಆಗಸ್ಟಿನಲ್ಲಿ ನೇಪಲ್ಸ್ ಹತ್ತಿರ ನೀವು ಹಾಡುತ್ತಿದ್ದಾಗ ಎದುರಿಗಿದ್ದವರು ಪೆಸಿಫಿಕ್ ರಣರಂಗಕ್ಕೆ ಹೊರಟು ನಿಂತಿದ್ದ ಸೈನಿಕರು. ನಡುವೆ ಪ್ಯಾಟಿಯ ಕೈಗೆ ಒಂದು ಚೀಟಿ ಬಂತು: ಜಪಾನಿನೊಡನೆ ಯುದ್ಧ ಮುಗಿದಿದೆ. ಓದಿದರೆ ಯಾರೂ ನಂಬಲಿಲ್ಲ. ತಮಾಷೆಯಲ್ಲ, ನಿಜ ಎಂದು ಮತ್ತೆ ಹೇಳಬೇಕಾಯಿತು. ಸಾಯಲು ಹೊರಟವರ ಮುಂದೆ ಅಲ್ಲಿಯ ತನಕ ಹಗುರಾಗಿ ಹಾಡುವುದು ಸಣ್ಣ ಕೆಲಸವೇನಲ್ಲ.

1967ರ ಮೇ ತಿಂಗಳಲ್ಲಿ ಕ್ಯಾನ್ಸರ್ ನಿಮ್ಮನ್ನು ಕರೆದೊಯ್ದಿತು. 1974ರಲ್ಲಿ ತಂಗಿಯರಿಬ್ಬರೂ ಬ್ರಾಡ್‌ವೇಯ ‘ಓವರ್ ಹಿಯರ್!’ ನಾಟಕಕ್ಕೆ ಬಂದಾಗ ಮೂರನೆಯ ದನಿಯಾಗಿ ನಿಂತದ್ದು ಜೇನಿ ಸೆಲ್ ಎಂಬ ನಟಿ. ಆ ಪಾತ್ರಕ್ಕೆ ಟೋನಿ ಪ್ರಶಸ್ತಿಯೂ ಸಿಕ್ಕಿತು. ಕೆಳಗಿನ ದನಿಗೆ ಬಹುಮಾನ ಬಂದದ್ದು ನೀವಿಲ್ಲದಾಗ. ನಾಟಕ ಮುಗಿದ ಮೇಲೆ ಪ್ಯಾಟಿ, ಮ್ಯಾಕ್ಸಿನ್ ನಡುವೆ ಮಾತೂ ಹೆಚ್ಚುಕಡಿಮೆ ನಿಂತುಹೋಯಿತು.

ನಿಮ್ಮ ಹಾಡು ಯಾವುದರಿಂದ ಶುರುಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಈ ಟ್ರಿನಿಡಾಡಿನ ಹಾಡನ್ನೇ ಹೇಳುತ್ತೇನೆ. ಒಮ್ಮೆ ಪ್ಯಾಟಿಯ ದನಿಯ ಜೊತೆ ಕೇಳಲಿ, ಮತ್ತೊಮ್ಮೆ ನಿಮ್ಮ ಮಂದ್ರವನ್ನು ಹಿಡಿದು ಕೇಳಲಿ. ಆಮೇಲೆ ಲಾರ್ಡ್ ಇನ್ವೇಡರ್ ಸ್ವತಃ ಹಾಡಿದ್ದನ್ನು ಹುಡುಕಿ ಕೇಳಲಿ. ಅದನ್ನು ಬಿಟ್ಟರೆ ಕೇಳಿದ್ದು ಅರ್ಧವೇ.

ಇತಿ,
ನಿಮ್ಮ ಒಬ್ಬ ಕೇಳುಗ